ಗುಹೆಯ ಗೋಡೆಯಲ್ಲಿ ನನ್ನ ಹೆಸರು

ಇವತ್ತು ಪಕ್ಕದ ಮನೆಯಲ್ಲಿ ಗೇರುಬೀಜ ಸುಡುವ ವಾಸನೆ ಬಂತು. ಬಜಗೋಳಿ ಹತ್ತಿರದ ಆ ಗುಹೆ ನೆನಪಾಯಿತು.

ಉಪ್ಪ, ಅಂದರೆ ನನ್ನ ತಂದೆ, ದುಬೈಯಿಂದ ರಜೆಯಲ್ಲಿ ಬಂದಿದ್ದರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ಅವರಿಗೆ ಗೊತ್ತಿರಲಿಲ್ಲ. ಉಮ್ಮ, ನನ್ನ ತಾಯಿ, ಹೆದರಿ ಹೇಳಿರಲಿಲ್ಲ, ದುಬೈಗೆ ಮನೆಯ ಕಾಗದ ಬರೆಯುತ್ತಿದ್ದವನು ನಾನೇ. ತುಪ್ಪದನ್ನ ಕಟ್ಟಿಕೊಂಡು ಎಲ್ಲರೂ ಕಮರಿಗೆ ಇಳಿದೆವು. ಉಮ್ಮ ತೊರೆಯ ಬಳಿ ಕುಳಿತರು. ಉಪ್ಪ, ತಂಗಿ, ನಾನು ಟಾರ್ಚ್ ಹಿಡಿದು ಗುಹೆಯೊಳಗೆ ಹೋದೆವು.

ಗೋಡೆಯಲ್ಲಿ ಇದ್ದಿಲಿನಿಂದ ಬರೆದ ನನ್ನ ಹೆಸರಿತ್ತು. ಶಾಲೆಗೆಂದು ಹೊರಟು, ಅಲ್ಲಿ ಗೇರುಬೀಜ ಸುಟ್ಟು ತಿನ್ನುತ್ತಿದ್ದ ದಿನಗಳಲ್ಲಿ ಬರೆದದ್ದು.

ಉಪ್ಪನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಗನೇ ಎನ್ನಲು ಅವರು ಮೋನೆ ಎನ್ನುತ್ತಿದ್ದರು. "ಎಂತ ಬರೆದದ್ದು ಮೋನೆ? ನೀನು ಓದು, ನಾನು ಕೇಳುತ್ತೇನೆ."

"ಯಾರೋ ರಮೇಶ ಅಂತೆ."

"ಶಾಲೆಗೆ ಚಕ್ಕರ್ ಹೊಡೆದು ಬಂದವ ಇರಬೇಕು. ಪಾಪ, ಅವನ ಅಪ್ಪನಿಗೆ ಗೊತ್ತುಂಟೋ ಇಲ್ಲವೋ!" ಉಪ್ಪ ನಕ್ಕರು.

ಮೂರನೇ ಕ್ಲಾಸಿನ ತಂಗಿ ಗೋಡೆ ನೋಡಿದಳು, ನನ್ನನ್ನು ನೋಡಿದಳು, ಬಾಯಿ ತೆರೆಯಲಿಲ್ಲ.

ಇವತ್ತು ಅವಳಿಗೆ ಫೋನ್ ಮಾಡಿ, ಸುಮ್ಮನಿದ್ದದ್ದು ಯಾಕೆ ಎಂದು ಕೇಳಿದೆ. ಅಣ್ಣನಾದ ನನ್ನನ್ನು ಅವಳು ಕಾಕ ಎಂದೇ ಕರೆಯುವುದು.

"ಅಲ್ಲಿ ಸುಮ್ಮನಿದ್ದೆ ಕಾಕ. ಮನೆಗೆ ಹಿಂದೆ ಬರುವಾಗ ಉಪ್ಪ ನನ್ನ ಹತ್ತಿರ ಕೇಳಿದರು. ಅದು ನಿನ್ನ ಹೆಸರು, ನೀನು ಶಾಲೆ ಬಿಟ್ಟದ್ದು, ಎಲ್ಲ ಹೇಳಿಬಿಟ್ಟೆ."

ಆ ರಜೆ ಮುಗಿಸಿ ಹೋದ ಮೇಲೆ ದುಬೈಯಿಂದ ಬರೆಸಿದ ಪ್ರತಿ ಕಾಗದದಲ್ಲೂ ಉಪ್ಪ ಕೇಳುತ್ತಿದ್ದರು: "ಶಾಲೆ ಹೇಗೆ ಉಂಟು ಮೋನೆ?"

ನಾನು ಪ್ರತಿ ಸಲವೂ "ಚೆನ್ನಾಗಿ ಉಂಟು" ಎಂದೇ ಬರೆದೆ.