ಭಾನುವಾರ ಆಡಿದ ಮಾತು

ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಖಾಸಗಿ ಲ್ಯಾಬೊಂದರಲ್ಲಿ ನಾನು ರಕ್ತ ತೆಗೆಯುವ ಕೆಲಸಕ್ಕಿದ್ದೆ. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತಿರುತ್ತಿದ್ದ ಸಕ್ಕರೆ ಕಾಯಿಲೆಯವರು ಮೊದಲು, ಆಮೇಲೆ ಬಸುರಿಯರು, ಬಿಸಿಲೇರಿದ ಮೇಲೆ ಹಳ್ಳಿಗಳಿಂದ ಬರುವ ಜ್ವರದವರು. ನನ್ನ ಪಕ್ಕದ ಕುರ್ಚಿ, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರಾದ ಒಬ್ಬ ಹೆಂಗಸಿನದು. ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಮನೆಯಲ್ಲಿ ದಖನಿ ಉರ್ದು ಆಡುವವರು, ನನ್ನ ಜೊತೆ ರಾಯಚೂರಿನ ಕನ್ನಡ. ಬುರ್ಖಾ ತೆಗೆದು ಒಳಗಿನ ಮೊಳೆಗೆ ನೇತುಹಾಕಿ ಬಿಳಿ ಕೋಟು ತೊಟ್ಟರೆಂದರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಊಟದ ಹೊತ್ತಿಗೆ ಇಬ್ಬರೂ ಸ್ಟೋರ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ನನ್ನ ಪುಂಡಿಪಲ್ಲೆ ಅವರ ತಟ್ಟೆಗೆ ಹೋಗುತ್ತಿತ್ತು, ಅವರ ಹುಳಿ ದಾಲು ನನ್ನದಕ್ಕೆ ಬರುತ್ತಿತ್ತು.

ಗುರುವಾರದ ಸಂಜೆ ಅವರ ಮನೆಯಲ್ಲಿ ಮೊಹಲ್ಲಾದ ಹೆಂಗಸರು ಸೇರುತ್ತಿದ್ದರು. ಆಪಾ ಅವರಿಗೆ ಕುರಾನಿನ ಒಂದೊಂದು ಆಯತ್ ಓದಿ ದಖನಿಯಲ್ಲಿ ಬಿಡಿಸಿ ಹೇಳುತ್ತಿದ್ದರು. ಲ್ಯಾಬಿನಲ್ಲಿ ಈ ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ನನ್ನ ಭಾನುವಾರಗಳ ವಿಷಯವೂ ಅಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ನಮ್ಮೂರು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ. ಅಪ್ಪ ಕೂಲಿ ಮಾಡಿ ನನ್ನನ್ನು ಓದಿಸಿದ. ತಲೆ ಬೆಳ್ಳಗಾದ ಮೇಲೆ ಬೌದ್ಧ ದೀಕ್ಷೆ ತೆಗೆದುಕೊಂಡ. ಅವ್ವ ತೆಗೆದುಕೊಳ್ಳಲಿಲ್ಲ. ಒಂದೇ ಖೋಲಿಯ ಮನೆಯಲ್ಲಿ ಈ ಗೋಡೆಗೆ ಬುದ್ಧ, ಆ ಗೋಡೆಗೆ ಎಲ್ಲಮ್ಮ. ಅಪ್ಪ ತೀರಿಕೊಂಡ ಮರುವರ್ಷ ನಾನೂ ದೀಕ್ಷೆ ತೆಗೆದುಕೊಂಡೆ. ಭಾನುವಾರ ಬಿಡುವಿದ್ದರೆ ಮಾನ್ವಿಯ ಬುದ್ಧ ವಿಹಾರಕ್ಕೆ ಹೋಗಿ ಬರುತ್ತಿದ್ದೆ. ಅಲ್ಲಿನ ಹಿರಿಯರೊಬ್ಬರು, ನಿವೃತ್ತ ಮಾಸ್ತರರು, ಬುದ್ಧ ಪೂರ್ಣಿಮೆಯ ಕಾರ್ಯಕ್ರಮದಲ್ಲಿ ನನ್ನನ್ನು ಮಾತಾಡಲು ಹಚ್ಚಿದರು.

ಶಾಮಿಯಾನದ ಕೆಳಗೆ ಒಂದಿಷ್ಟು ಕುರ್ಚಿ, ಚಾಪೆಯ ಮೇಲೆ ಹೆಂಗಸರು, ಮಕ್ಕಳು. ನಾನು ಅಪ್ಪನ ಬಗ್ಗೆ ಹೇಳಿದೆ. "ನಮ್ಮಪ್ಪ ಹುಟ್ಟಿದಾಗಿಂದ ಗುಡಿ ಹೊರಗ ನಿಂತ ಕೈ ಮುಗದಾನ. ಒಳಗ ಇರೋ ದೇವರ ಮುಖ ಹೆಂಗದ ಅಂತ ಅವಗ ಗೊತ್ತಾಗಲೇ ಇಲ್ಲ. ಮುಖ ತೋರಸದ ದೇವರನ್ನ ನಾ ಯಾಕ ಬೇಡಲಿ ಅಂತ ಬಿಟ್ಟುಬಿಟ್ಟೆ." ಇದಾದ ಮೇಲೆ ಅವ್ವನ ಎಲ್ಲಮ್ಮನ ಬಗ್ಗೆಯೂ ಹೇಳಿದ್ದೆ. ಅವಳ ಭಕ್ತಿಯನ್ನು ನಾನು ಎಂದೂ ಆಡಿಕೊಂಡವಳಲ್ಲ, ದೀಪಕ್ಕೆ ಎಣ್ಣೆ ನಾನೇ ತಂದುಕೊಡುತ್ತೇನೆ ಎಂದೂ ಹೇಳಿದ್ದೆ. ಯಾರೋ ವಿಡಿಯೋ ಮಾಡಿದ್ದರು. ಇನ್ಯಾರೋ ಅದನ್ನು ಕೊಯ್ದು, 'ದೇವರನ್ನ ನಾ ಯಾಕ ಬೇಡಲಿ ಅಂತ ಬಿಟ್ಟುಬಿಟ್ಟೆ' ಎಂಬಲ್ಲಿಗೆ ನಿಲ್ಲಿಸಿ ವಾಟ್ಸಾಪಿನಲ್ಲಿ ಬಿಟ್ಟರು.

ಆ ವಾರವೇ ರಕ್ತ ಕೊಡಲು ಬಂದಿದ್ದವರೊಬ್ಬರು ನನ್ನ ಮುಖ ನೋಡಿ, ಫೋನು ನೋಡಿ, ಎದ್ದು ಹೋದರು. ಸಂಜೆ ಲ್ಯಾಬಿನ ಡಾಕ್ಟರು ಒಳಗೆ ಕರೆದರು.

ಅವರು ಕೆಟ್ಟವರಲ್ಲ. ಅಪ್ಪನ ಕೊನೆಯ ದಿನಗಳಲ್ಲಿ ಅವನ ಪರೀಕ್ಷೆಗಳನ್ನೆಲ್ಲ ಪುಕ್ಕಟೆ ಮಾಡಿಸಿದವರು. ಆದರೆ ಹಿಂದಿನ ವರ್ಷ ಹೈದರಾಬಾದಿನ ಕಂಪನಿಯೊಂದಕ್ಕೆ ಲ್ಯಾಬಿನಲ್ಲಿ ಪಾಲು ಕೊಟ್ಟಿದ್ದರು. ಕಂಪನಿಯವರು ನಮಗೆಲ್ಲ ನಡವಳಿಕೆಯ ನಿಯಮಗಳೆಂದು ಇಂಗ್ಲಿಷಿನ ಪುಟಗಳನ್ನು ಕೊಟ್ಟು ಸಹಿ ಮಾಡಿಸಿಕೊಂಡಿದ್ದರು. ಕೆಲಸದ ಹೊರಗೂ ಜಾತಿ, ಧರ್ಮದ ಬಗ್ಗೆ ಸಾರ್ವಜನಿಕವಾಗಿ ಮಾತಾಡಿ ಸಂಸ್ಥೆಯ ಹೆಸರಿಗೆ ಧಕ್ಕೆ ತರಬಾರದು ಎಂದು ಅದರಲ್ಲಿತ್ತು.

"ನಿನ್ನ ನಂಬಿಕಿ ನಿಂದು ತಂಗಿ. ನಾ ಏನೂ ಅನ್ನೂದಿಲ್ಲ," ಎಂದರು ಡಾಕ್ಟರು. "ಆದ್ರ ಮಂದಿ ನಿನ್ನ ಮುಖದಾಗ ನಮ್ಮ ಬೋರ್ಡು ನೋಡ್ತಾರ."

"ಅವತ್ತು ಭಾನುವಾರ ಇತ್ರೀ ಸರ್. ಲ್ಯಾಬಿನ ಹೆಸರು ತಗದಿಲ್ಲ ನಾ. ನಿಮ್ಮ ಕೋಟೂ ಹಾಕ್ಕೊಂಡಿದ್ದಿಲ್ಲ."

"ಕೋಟು ತಗದಿಟ್ರ ನೀ ಯಾರಂತ ಮಂದಿ ಮರೀತಾರೇನು? ಸುಮ್ನ ಒಂದು ತಪ್ಪಾತು ಅಂತ ಬರಕೊಡು. ಅಲ್ಲಿಗೆ ಮುಗೀತದ."

"ಏನು ತಪ್ಪಾತು ಅಂತ ಬರೀಲ್ರೀ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಇತ್ತು. ಆ ನಿಯಮ ಇದಕ್ಕೂ ಇದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವರ ವಿಭೂತಿ ಯಾರಿಗೂ ಏನೂ ಹೇಳುತ್ತಿರಲಿಲ್ಲ, ನನ್ನ ಮಾತು ಹೇಳಿತ್ತು. ಆದರೆ ಸುಮ್ಮನಿರುವ ನಂಬಿಕೆಗೆ ಮಾತ್ರ ಜಾಗ ಎಂದಾದರೆ, ಸುಮ್ಮನಿದ್ದೇ ಸವೆದುಹೋದ ಅಪ್ಪನ ಬಗ್ಗೆ ಯಾರು ಹೇಳಬೇಕು? ಮರುದಿನ ಬರೆದುಕೊಟ್ಟೆ, ಆದರೆ ತಪ್ಪೊಪ್ಪಿಗೆಯನ್ನಲ್ಲ. ಆ ಮಾತು ನನ್ನದೇ, ರಜೆಯ ದಿನ ಆಡಿದ್ದು, ಯಾವ ರೋಗಿಗೂ ನನ್ನಿಂದ ಅಗೌರವವಾಗಿಲ್ಲ, ಈ ನಿಯಮ ನನಗೊಬ್ಬಳಿಗೋ ಎಲ್ಲರಿಗೋ ತಿಳಿಸಬೇಕು ಎಂದು ಬರೆದೆ.

ಎಲ್ಲರಿಗೂ ಎಂದು ಉತ್ತರ ಬಂತು. ಕಂಪನಿಯವರು ಪಕ್ಷಪಾತವಿಲ್ಲವೆಂದು ತೋರಿಸಬೇಕಿತ್ತು. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಅಕೌಂಟಿನವನನ್ನು ಕರೆದು, ಕೆಲಸದ ಹೊರಗೆ ಏನೇನು ಮಾಡುತ್ತೀ ಎಂದು ಕೇಳಿದರು. ಚರ್ಚಿನಲ್ಲಿ ಹಾಡುತ್ತಿದ್ದ ನರ್ಸನ್ನು ಕೇಳಿದರು. ಆಪಾ ಅವರನ್ನೂ ಕೇಳಿದರು. ಅವರ ಮೊಹಲ್ಲಾದ ಹುಡುಗಿಯೊಬ್ಬಳು ಗುರುವಾರದ ಓದಿನ ಫೋಟೋ ಹಾಕಿದ್ದಳಂತೆ.

ಮಧ್ಯಾಹ್ನ ನಾನು ಸ್ಟೋರ್ ರೂಮಿಗೆ ಹೋದಾಗ ಆಪಾ ಅಲ್ಲಿರಲಿಲ್ಲ. ರಕ್ತದ ಟ್ಯೂಬು ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದ ಹತ್ತಿರ ನಿಂತೇ ಉಣ್ಣುತ್ತಿದ್ದರು.

"ಆಪಾ, ಸಿಟ್ಟೇನ್ರೀ?"

"ನಿನ್ನ ಮ್ಯಾಲ ಸಿಟ್ಟು ಯಾಕ ಮಾಡ್ಲಿ ಬೇ," ಎಂದರು, ತಟ್ಟೆ ನೋಡುತ್ತಲೇ. "ನಿಂದು ಖರೇನ ಅದ. ಆದ್ರ ಇಷ್ಟು ವರ್ಷ ನನ್ನ ಯಾರೂ ಕೇಳಿದ್ದಿಲ್ಲ. ಕೇಳದಿದ್ದಾಗ ನಡೀತಿತ್ತು. ಈಗ ಕೇಳ್ಯಾರ, ಹೇಳಬೇಕಾತು. ಗುರುವಾರದ್ದು ಬಂದ್ ಮಾಡೀನಿ ಅಂತ ಬರಕೊಟ್ಟೆ."

"ನೀವು ಯಾಕ ಬಂದ್ ಮಾಡಿದ್ರಿ? ಮನಿ ಒಳಗಿಂದದು ಅದು."

"ನಿನಗ ನಿನ್ನ ಒಬ್ಬಾಕಿ ಹೊಟ್ಟಿ ಅದ. ನನಗ ಮೂರು ಹೆಣ್ಣಮಕ್ಕಳು."

ಅವರು ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡು ಕುರ್ಚಿಗೆ ಹೋದರು. ಆಮೇಲೂ ಸಿರಿಂಜು, ಟ್ಯೂಬು, ಹತ್ತಿ ಎಂದು ಕೆಲಸದ ಮಾತು ನಡೆಯುತ್ತಿತ್ತು. ಅದಕ್ಕಿಂತ ಹೆಚ್ಚು ನಡೆಯಲಿಲ್ಲ. ಹಾರ್ಮೋನಿಯಂನವನು ನನ್ನ ಎದುರಿಗೇ ಇನ್ನೊಬ್ಬರಿಗೆ, "ಸುಮ್ನ ಇದ್ದೋರ್ನ ಎಬ್ಬಿಸಿದ್ಲು ನೋಡ್ರಿ," ಎಂದ. ಎಲ್ಲರಿಗೂ ಒಂದೇ ನ್ಯಾಯ ಎಂದು ಕೇಳಿದವಳು ನಾನೇ.

ತಿಂಗಳೊಪ್ಪತ್ತಿನಲ್ಲಿ ನನ್ನನ್ನು ದೇವದುರ್ಗಕ್ಕೆ ಹಾಕಿದರು. ಶಿಕ್ಷೆ ಎಂದೇನೂ ಹೇಳಲಿಲ್ಲ. ಅಲ್ಲೊಂದು ಹೊಸ ಕಲೆಕ್ಷನ್ ಸೆಂಟರ್, ಒಬ್ಬರು ಬೇಕು, ನೀನು ಆ ಕಡೆಯವಳೇ ಎಂದರು. ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಮಳಿಗೆ. ಒಂದು ಟೇಬಲ್ಲು, ಎರಡು ಕುರ್ಚಿ, ಒಂದು ಫ್ರಿಜ್ಜು. ಮುಂಜಾನೆ ರಕ್ತ ತೆಗೆದು, ಐಸ್ ಹಾಕಿದ ಡಬ್ಬಿಯಲ್ಲಿಟ್ಟು ರಾಯಚೂರಿನ ಬಸ್ಸಿಗೆ ಕಳಿಸುವುದು. ಆಮೇಲೆ ಸಂಜೆಯವರೆಗೆ ಬಾಗಿಲಲ್ಲಿ ಕೂತಿರುವುದು. ಫ್ರಿಜ್ಜು ನಿಂತಾಗ ಕೋಣೆ ಎಷ್ಟು ನಿಶ್ಶಬ್ದವಾಗುತ್ತಿತ್ತೆಂದರೆ, ಅದು ಮತ್ತೆ ಗುರ್ರೆಂದಾಗ ಯಾರೋ ಬಂದಂತಾಗಿ ತಿರುಗಿ ನೋಡುತ್ತಿದ್ದೆ.

ಜಾಲಹಳ್ಳಿ ದೂರವೇನಲ್ಲ, ಬಸ್ಸುಗಳಿವೆ. ಆದರೆ ಮನೆಯಲ್ಲಿ ತಮ್ಮ ಬೇಸರಗೊಂಡಿದ್ದ. ಗೌಂಡಿ ಕೆಲಸ ಅವನದು, ಊರವರ ಮನೆ ಕಟ್ಟಬೇಕು. "ಅಕ್ಕಾ, ನೀ ರಾಯಚೂರಾಗ ಕೂತು ಮಾತಾಡ್ತಿ, ಇಲ್ಲಿ ನನ್ನ ಕೇಳ್ತಾರ," ಎಂದಿದ್ದ. ಅವ್ವ ಮಾತ್ರ ಒಂದು ಸಲ ಬಂದು ಟೇಬಲ್ಲು, ಕುರ್ಚಿ ಎಲ್ಲ ಸವರಿ ನೋಡಿ, "ಒಬ್ಬಾಕಿನ ಇರ್ತಿ ಏನವ್ವಾ?" ಎಂದಳು. ಹೌದೆಂದೆ. ಸಂಜೆಯ ಬಸ್ಸಿಗೆ ಹೋದಳು. ನಾನು ದೇವದುರ್ಗದಲ್ಲೇ ಬಾಡಿಗೆ ಖೋಲಿ ಹಿಡಿದೆ.

ಮುಂದಿನ ಬುದ್ಧ ಪೂರ್ಣಿಮೆಗೆ ಮಾನ್ವಿಯಿಂದ ಫೋನು ಬರಲಿಲ್ಲ. ನಾನೇ ಹೋದೆ. ಮಾಸ್ತರರು ನನ್ನನ್ನು ಕಂಡು ಕೈ ಹಿಡಿದುಕೊಂಡರು.

"ನಿನ್ನ ಹೆಸರು ಹಾಕಲಿಲ್ಲ ಮಗಳ. ನಿನ್ನ ನೌಕರಿಗೆ ಮತ್ತ ತೊಂದ್ರಿ ಆಗಬಾರ್ದು ಅಂತ. ಬ್ಯಾಸರ ಮಾಡ್ಕೋಬ್ಯಾಡ."

ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೂ ಡಾಕ್ಟರ ಕೋಣೆಯಲ್ಲಿ ಆಗದ ನೋವು ಅಲ್ಲಿ ಆಯಿತು. ಹೆಂಗಸರ ನಡುವೆ ಚಾಪೆಯ ಮೇಲೆ ಕೂತು ಭಾಷಣಗಳನ್ನು ಕೇಳಿದೆ. ಯಾರೋ ಸಹನೆಯ ಬಗ್ಗೆ ಮಾತಾಡುತ್ತಿದ್ದರು. ಬಿಸಿಗಾಳಿಗೆ ಶಾಮಿಯಾನ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಎದ್ದು ಮಾಸ್ತರರ ಹತ್ತಿರ ಹೋಗಿ, "ಸರ್, ನಾ ಒಂದೆರಡು ಮಾತಾಡ್ತೀನ್ರಿ," ಎಂದೆ. ಅವರು ಎದ್ದು ಮೈಕು ಕೊಟ್ಟರು.

"ಯಾರರ ವಿಡಿಯೋ ಮಾಡೋರಿದ್ರ ಪೂರ್ತಿ ಮಾಡ್ರಿ, ನಡುವ ಕೊಯ್ಯಬ್ಯಾಡ್ರಿ," ಎಂದು ಶುರು ಮಾಡಿದೆ. ಕೆಲವರು ನಕ್ಕರು. ಅಪ್ಪನ ಬಗ್ಗೆ ಹೋದ ವರ್ಷ ಹೇಳಿದ್ದನ್ನೇ ಮತ್ತೆ ಹೇಳಿದೆ, ಅವ್ವನ ದೀಪದ ಬಗ್ಗೆಯೂ. ಹೆಸರು ಹೇಳದೆ, ತನ್ನ ಮನೆಯೊಳಗೇ ಓದುವುದನ್ನು ಬಿಡಬೇಕಾಗಿ ಬಂದ ಹೆಂಗಸೊಬ್ಬರ ಬಗ್ಗೆ ಹೇಳಿದೆ. ಅವರ ದೇವರು ಬೇರೆ, ನನಗೆ ದೇವರೇ ಇಲ್ಲ, ಆದರೂ ಅವರ ಗುರುವಾರ ಅವರಿಗೆ ಸಿಗಲಿ ಎಂದೆ.

ಯಾರೂ ಫೋನು ಎತ್ತಲಿಲ್ಲ. ಮುಂದಿನ ಸಾಲಿನ ಹುಡುಗರು ಕೂಡ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ ಕೂತಿದ್ದರು. ನನ್ನನ್ನು ಕಾಯಲೆಂದೇ ಹಾಗೆ ಮಾಡಿದ್ದರೆಂದು ಮಾಸ್ತರರು ಆಮೇಲೆ ಹೇಳಿದರು. ಹಾಗಾಗಿ ಅವತ್ತಿನ ಮಾತು ಆ ಶಾಮಿಯಾನದಿಂದ ಆಚೆ ಹೋಗಲಿಲ್ಲ. ಕಂಪನಿಗೆ ತಿಳಿಯಲಿಲ್ಲ, ಆಪಾಗೂ ತಿಳಿಯಲಿಲ್ಲ.

ನನ್ನ ಕೆಲಸ ಉಳಿಯಿತು. ರಾಯಚೂರಿಗೆ ವಾಪಸ್ಸು ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಆಪಾ ಮರುವರ್ಷ ಕೆಲಸ ಬಿಟ್ಟರೆಂದು, ಮನೆಯಲ್ಲೇ ಹೊಲಿಗೆ ಕೆಲಸ ಹಿಡಿದಿದ್ದಾರೆಂದು ಕೇಳಿದೆ. ಗುರುವಾರದ ಓದು ಮತ್ತೆ ಶುರುವಾಯಿತೋ ಇಲ್ಲವೋ ಹೇಳುವವರು ಯಾರೂ ಸಿಗಲಿಲ್ಲ. ಆಪಾಗೆ ಫೋನು ಮಾಡಿದರೆ ರಿಂಗಾಗಿ ನಿಲ್ಲುತ್ತದೆ. ಸಂಜೆ ಶಟರ್ ಎಳೆದ ಮೇಲೆ ಊರಾಚೆಯ ಗುಡ್ಡದ ಕಡೆ ನಡೆಯುತ್ತೇನೆ. ದನ ಹೊಡೆದುಕೊಂಡು ಬರುವ ಮುದುಕನೊಬ್ಬ ಎದುರಾಗಿ, "ಊಟ ಆತೇನವ್ವಾ?" ಎನ್ನುತ್ತಾನೆ. ಹೊತ್ತು ಇನ್ನೂ ಮುಳುಗಿರುವುದಿಲ್ಲ, ನಾನು ಒಲೆ ಹೊತ್ತಿಸಿರುವುದೂ ಇಲ್ಲ. ಆದರೂ ಆತು ಎನ್ನುತ್ತೇನೆ.