ಹಿಂದೊಂದು ಗಾಡಿ ಇತ್ತು

ನಾಗಮ್ಮಕ್ಕ, ಅಂದು ಹಿಂದೊಂದು ಗಾಡಿ ಇತ್ತು. ಇಲ್ಲ ಎಂದು ನಾನು ಹೇಳಿದ್ದು ಸುಳ್ಳು. ತಿಳಿಯದೆ ಹೇಳಿದ್ದಲ್ಲ — ಜೇಬಿನಲ್ಲಿದ್ದ ರೈಲಿನ ವೇಳಾಪಟ್ಟಿಯನ್ನು ಎರಡು ಸಲ ನೋಡಿ, ಮಡಚಿಟ್ಟು, ಆಮೇಲೆ ಹೇಳಿದ್ದು. ಪಂಢರಪುರದ ದರ್ಶನದ ಸಾಲಿನಲ್ಲಿ ಹದಿನೆಂಟು ತಾಸು ನಿಂತಿದ್ದ ನಿಮ್ಮನ್ನು, ವಿಠ್ಠಲನ ಪಾದ ಇನ್ನು ಮೂರು ತಾಸು ದೂರ ಎನ್ನುವಾಗ, ಆ ಒಂದು ಮಾತಿನಿಂದ ಹೊರಗೆ ಕರೆತಂದೆ. ಹನ್ನೆರಡು ವರ್ಷವಾಯಿತು. ಈ ಹನ್ನೆರಡು ವರ್ಷವೂ ನೀವು ನನ್ನನ್ನು ಹೊಗಳುತ್ತಲೇ ಬಂದಿದ್ದೀರಿ.

ಸೇಡಂನಿಂದ ಪಂಢರಪುರಕ್ಕೆ ನಡೆದು ಹೋಗುವ ನಮ್ಮ ದಿಂಡಿಯ ತಂಡದಲ್ಲಿ ಆ ವರ್ಷ ನಲವತ್ತು ಜನ ಇದ್ದೆವು. ಹದಿನಾರು ದಿನದ ನಡಿಗೆ. ಹೋಗುವಾಗ ದಾರಿ ತೋರಿಸುವವನು ವಿಠ್ಠಲ, ಬರುವಾಗ ನಾನು — ಈ ಕೆಲಸದ ಹಂಚಿಕೆಯಲ್ಲಿ ನನಗೆ ಯಾವ ಸಂಕೋಚವೂ ಇರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನು. ರೈಲಿನಲ್ಲಿ ಮನೆಗೆ ಮರಳುವ ಯೋಜನೆಯನ್ನು ಒಂದು ತಿಂಗಳು ಮೊದಲೇ ಗೆರೆ ಹೊಡೆದ ನೋಟುಬುಕ್ಕಿನಲ್ಲಿ ಎರಡು ಬಣ್ಣದ ಮಸಿಯಲ್ಲಿ ಬರೆದಿದ್ದೆ. ವಾಡಿ ಜಂಕ್ಷನ್ನಿನಲ್ಲಿ ಚಹಾ ಕುಡಿಯುವುದಕ್ಕೂ ಒಂದು ಸಾಲು ಮೀಸಲು.

ಶಹಾಬಾದಿನ ಮುಕ್ಕಾಮಿನಲ್ಲಿ ಅದನ್ನು ಎಲ್ಲರೆದುರು ಓದಿದ್ದು ನಿಮಗೆ ನೆನಪಿರಬಹುದು. ತಾಳ ಬಾರಿಸುವ ತುಕ್ಕಪ್ಪ ಚಿಂಚೋಳಿಯವನು. ಚಿಂಚೋಳಿಗೆ ರೈಲೇ ಇಲ್ಲ. ಆದ್ದರಿಂದ ಅವನಿಗೆ ರೈಲಿನ ಬಗ್ಗೆ ಅಭಿಪ್ರಾಯಗಳು ಬಹಳ.

"ಮಾಸ್ತರ್, ನಾವಿನ್ನಾ ಹೋಗೇ ಮುಟ್ಟಿಲ್ರಿ. ಆಗಲೇ ಬರೂದು ಹಚ್ಚೀರಲ್ಲ?"

"ಗಾಡಿ ನಮ್ಮ ಸಲುವಾಗಿ ನಿಂದ್ರಂಗಿಲ್ಲ, ತುಕ್ಕಪ್ಪ."

"ವಿಠ್ಠಲ ನಿಂತಾನಲ್ರಿ. ಅವನ್ನ ನೋಡಿ ಕಲೀಲಿ ಬಿಡ್ರಿ."

ಎಲ್ಲರೂ ನಕ್ಕರು. ನೀವು ನಗಲಿಲ್ಲ. "ನೀವು ಓದ್ರಿ ಮಾಸ್ತರ್, ನಾ ಕೇಳಾಕತ್ತೀನಿ," ಅಂದಿರಿ. ಆ ಒಂದು ಮಾತಿಗೆ ನಾನು ಉಬ್ಬಿದ್ದೆ — ಈಗ ಹೇಳಲು ನಾಚಿಕೆ.

ನೀವು ಚಿತ್ತಾಪುರದಲ್ಲಿ ನಮ್ಮನ್ನು ಕೂಡಿಕೊಂಡವರು. ಸೆರಗಿನ ಗಂಟಿನಲ್ಲಿ ಅಂಗೈ ಅಗಲದ, ನೆಲಕ್ಕೆ ಹಾಸುವ ಒಂದು ಫರ್ಸಿಕಲ್ಲು. ಖಣಿಯಲ್ಲಿ ಜೀವಮಾನವೆಲ್ಲ ಕಲ್ಲು ಒಡೆದು, ಉಸಿರು ಕಟ್ಟಿ ಮನೆ ಹಿಡಿದಿದ್ದ ನಿಮ್ಮ ಯಜಮಾನ ಮಲ್ಲಣ್ಣ, ಮಂಚದ ಮೇಲೆ ಕೂತೇ ಅದನ್ನು ತಿಕ್ಕಿ ತಿಕ್ಕಿ ಕನ್ನಡಿಯಂತೆ ನುಣುಪು ಮಾಡಿದ್ದ. ವಿಠ್ಠಲ ಇಷ್ಟು ಯುಗ ಇಟ್ಟಿಗೆ ಮೇಲೆ ನಿಂತಿದ್ದಾನೆ. ಇಟ್ಟಿಗೆ ಎಂದರೆ ಸುಟ್ಟ ಮಣ್ಣು, ಕಾವು ಹಿಡಿಯುತ್ತದೆ. ನಮ್ಮ ಕಲ್ಲು ತಂಪು — ಇದು ಅವನ ತರ್ಕ. ಪಾದಕ್ಕೆ ಒಂದು ಗಳಿಗೆ ತಾಗಿಸಿ ಮರಳಿ ತಂದರೆ ಸಾಕು, ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೇನೆ ಎಂದಿದ್ದನಂತೆ. ಹದಿಮೂರು ದಿನ ನೀವು ಅದನ್ನು ಹೊತ್ತು ನಡೆದಿರಿ. ದ್ವಾದಶಿಯ ಸಂಜೆಗೆ ಮನೆ ಮುಟ್ಟುತ್ತೇನೆ ಎಂದು ಅವನಿಗೆ ಮಾತು ಕೊಟ್ಟು ಬಂದಿದ್ದಿರಿ.

ಆ ಮಾತನ್ನು ನಾನು ಹಗ್ಗ ಮಾಡಿಕೊಂಡೆ.

ದ್ವಾದಶಿಯ ಬೆಳಿಗ್ಗೆ ನನ್ನ ಎರಡೂ ಅಂಗಾಲು ಬೊಬ್ಬೆಯೆದ್ದು, ಸಾಲಿಗೆ ನಿಲ್ಲುವ ಯೋಗ್ಯತೆ ಉಳಿದಿರಲಿಲ್ಲ. ದೂರದಿಂದ ಕಳಸ ಕಂಡರೂ ದರ್ಶನವೇ ಎಂಬ ಮಾತು ನಮ್ಮಲ್ಲಿ ಇದೆಯಲ್ಲ — ಅದನ್ನು ನೆಚ್ಚಿ, ಕಳಸಕ್ಕೆ ಕೈಮುಗಿದು, ಚಹಾದಂಗಡಿಯ ಬೆಂಚಿಗೆ ಬಂದು ಕೂತೆ. ಸುಮ್ಮನೆ ಕೂರುವ ಜಾಯಮಾನವೇ? ವೇಳಾಪಟ್ಟಿ ತೆಗೆದೆ. ಆಗ ಕಂಡಿತು ತಪ್ಪು. ಸೊಲ್ಲಾಪುರದಿಂದ ಒಂಬತ್ತೂವರೆಗೆ ನಾನು ಗೊತ್ತು ಮಾಡಿದ್ದ ಗಾಡಿ, ಮಧ್ಯಾಹ್ನ ಎರಡು ಗಂಟೆಗೆ ಇನ್ನೊಂದು. ಆದರೆ ವಾಡಿಯಿಂದ ಚಿತ್ತಾಪುರ, ಸೇಡಂ ಕಡೆಗೆ ಹೋಗುವ ಪ್ಯಾಸೆಂಜರ್ ಒಂದೇ — ಸಂಜೆ ಆರಕ್ಕೆ. ಯಾವ ಗಾಡಿ ಹಿಡಿದರೂ ಕೊನೆಗೆ ಕೂರುವುದು ಅದೇ ಡಬ್ಬಿಯಲ್ಲಿ. ಒಂದು ತಿಂಗಳ ಯೋಜನೆ, ಎರಡು ಬಣ್ಣದ ಮಸಿ — ಒಂಬತ್ತೂವರೆಯ ಗಾಡಿಗೆ ಓಡಬೇಕಾದ ಕಾರಣವೇ ಇರಲಿಲ್ಲ.

ಇಷ್ಟನ್ನು ನಲವತ್ತು ಜನರ ಮುಂದೆ ಒಪ್ಪಿಕೊಂಡಿದ್ದರೆ ತುಕ್ಕಪ್ಪ ಸಾಯುವತನಕ ನಗುತ್ತಿದ್ದ. ಅಷ್ಟೇ ಆಗುತ್ತಿದ್ದದ್ದು. ಅಷ್ಟೇ.

ನಾನು ಕುಂಟುತ್ತ ಸಾಲಿನ ಕಟಾಂಜನದ ಬಳಿಗೆ ಬಂದೆ. ನಮ್ಮವರಲ್ಲಿ ಸಾಲಿನಲ್ಲಿ ಇನ್ನೂ ಉಳಿದಿದ್ದವರು ಇಬ್ಬರೇ — ನೀವು, ನಿಮ್ಮ ಹಿಂದೆಯೇ ತುಕ್ಕಪ್ಪ.

"ಇನ್ನ ಮೂರು ತಾಸು ಅಂತ್ರಿ ಮಾಸ್ತರ್," ಅಂದಿರಿ. "ಹಿಂದ ಗಾಡಿ ಅದ ಏನ್ರಿ?"

"ಹಿಂದ ಗಾಡಿ ಇಲ್ಲ, ನಾಗಮ್ಮಕ್ಕ. ಇದು ತಪ್ಪಿದ್ರ ನಾಳಿಗೇ."

ನೀವು ಗಂಟನ್ನೊಮ್ಮೆ ಮುಟ್ಟಿ ನೋಡಿಕೊಂಡಿರಿ. "ಅವ್ರು ದಾರಿ ನೋಡ್ತಿರ್ತಾರ," ಎಂದು ನಿಮಗೇ ಹೇಳಿಕೊಂಡಂತೆ ಹೇಳಿ, ಕಟಾಂಜನದ ಕೆಳಗೆ ಬಗ್ಗಿ ಹೊರಗೆ ಬಂದಿರಿ. ತುಕ್ಕಪ್ಪ ಬರಲಿಲ್ಲ. "ನೀವು ನಿಮ್ಮ ಗಾಡಿ ಹಿಡೀರಿ. ನಾ ಇವನ ಕಾಲು ಹಿಡದೇ ಬರ್ತೀನಿ," ಅಂದ.

ಯೋಜನೆ ಕೆಡಬಾರದೆಂಬ ಹಟ ಒಂದೇ ಇತ್ತೇ? ಬರೆಯಲು ಕೂತ ಮೇಲೆ ಪೂರಾ ಬರೆಯಬೇಕು. ನನಗೆ ಕಳಸ, ನಿಮಗೆ ಪಾದ — ಓದುಬರಹ ಬಲ್ಲ ನಾನು ಬೆಂಚಿನ ಮೇಲೆ, ನೀವು ಒಳಗೆ — ಅದು ಎಲ್ಲೋ ಒಂದು ಕಡೆ ನನ್ನನ್ನು ... ಇರಲಿ. ಅದೂ ಇತ್ತು.

ಮಧ್ಯಾಹ್ನ ಹನ್ನೆರಡೂ ಕಾಲಿಗೆ ವಾಡಿಯಲ್ಲಿ ಇಳಿದೆವು. ಉಳಿದವರಲ್ಲಿ ಕೆಲವರು ಶಹಾಬಾದಿನಲ್ಲೇ ಇಳಿದಿದ್ದರು, ಕೆಲವರು ಬಸ್ಸಿನ ದಾರಿ ಹಿಡಿದರು; ಕಾಯಲು ಉಳಿದವರು ನಾವಿಬ್ಬರು. ನನ್ನ ನೋಟುಬುಕ್ಕಿನಲ್ಲಿ ಚಹಾಕ್ಕೆ ಹತ್ತು ನಿಮಿಷ ಇತ್ತು. ಸಿಕ್ಕಿದ್ದು ಆರು ತಾಸು. ಕಲ್ಲಿನ ಬೆಂಚಿನ ಮೇಲೆ ನೀವು ಗಂಟು ಬಿಚ್ಚಿ ಫರ್ಸಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರಿ. ಅದರ ಮೇಲೆ ಕೈಯಾಡಿಸುತ್ತ ಕೇಳಿದಿರಿ:

"ಮಾಸ್ತರ್, ಇಷ್ಟೊತ್ತಿಗೆ ನನ್ನ ಪಾಳಿ ಎಲ್ಲೀತನಕ ಬಂದಿರ್ತಿತ್ರಿ?"

ಆ ಲೆಕ್ಕ ನನಗೆ ಬರುತ್ತಿತ್ತು. ನೀವು ಪಾದ ಮುಟ್ಟಿ, ಕಲ್ಲು ತಾಗಿಸಿ, ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಬಂದು ಎರಡರ ಗಾಡಿಗೆ ಕಾಯುತ್ತಿರುತ್ತಿದ್ದಿರಿ. ನಾನು ಚಹಾ ತರುತ್ತೇನೆಂದು ಎದ್ದೆ.

ಐದು ಗಂಟೆಗೆ ಆ ಗಾಡಿ ಬಂತು. ಅದರಿಂದ ತುಕ್ಕಪ್ಪ ಇಳಿದ. ಹಣೆ ತುಂಬ ವಿಠ್ಠಲನ ಪ್ರಸಾದದ ಕಪ್ಪು ಬುಕ್ಕಿಟ್ಟಿನ ಪುಡಿ, ಕೊರಳಲ್ಲಿ ತುಳಸಿ ಮಾಲೆ.

"ಏನ್ ಮಾಸ್ತರ್, ಇನ್ನಾ ಇಲ್ಲೇ ಕುಂತೀರಿ?"

ನೀವು ಅವನನ್ನು ನೋಡಿದಿರಿ. ನನ್ನನ್ನು ನೋಡಿದಿರಿ. ನಾನು ಒಂದು ಸುಳ್ಳಿನ ಹಿಂದೆ ಇನ್ನೊಂದು ಡಬ್ಬಿ ಜೋಡಿಸಿದೆ — "ಅದು ಯಾತ್ರೆಗಂತ ಬಿಟ್ಟ ಸ್ಪೆಷಲ್ ಗಾಡಿ. ಪಟ್ಟಿಯೊಳಗ ಇಲ್ಲ." ಗಣಿತದ ಮಾಸ್ತರ ಹೇಳಿದ ಮೇಲೆ ತುಕ್ಕಪ್ಪನೂ ನಂಬಿದ. "ನಿಮ್ಮ ನಸೀಬಿಲ್ಲ ಬಿಡಕ್ಕ," ಅಂದ. ನೀವು ತಲೆಯಾಡಿಸಿದಿರಿ. ನನ್ನ ಜೇಬಿನಲ್ಲಿದ್ದದ್ದು ನಿಮ್ಮ ನಸೀಬಾಯಿತು.

ಚಿತ್ತಾಪುರದಲ್ಲಿ ಇಳಿಯುವ ಮೊದಲು ನೀವು ಮಾಡಿದ್ದು — ಇದನ್ನು ಹೇಗೆ ಬರೆಯಲಿ. ದಿಂಡಿಯಲ್ಲಿ ನಾವು ಒಬ್ಬರನ್ನೊಬ್ಬರು ಮಾವುಲಿ, ತಾಯಿ, ಎಂದೇ ಕರೆಯುವುದು. ಅಗಲುವಾಗ ಹಿರಿಯರು ಕಿರಿಯರೆನ್ನದೆ ಪರಸ್ಪರ ಕಾಲು ಮುಟ್ಟುವುದು. ನೀವು ಬಗ್ಗಿದಿರಿ. ಆದರೆ ಕೈಯಿಂದ ಮುಟ್ಟಲಿಲ್ಲ. ಆ ಕಲ್ಲನ್ನು ನನ್ನ ಬೊಬ್ಬೆಯೆದ್ದ ಪಾದಕ್ಕೆ ತಾಗಿಸಿದಿರಿ.

"ಅವನ ಪಾದ ಸಿಗಲಿಲ್ರಿ, ಮಾವುಲಿ. ನಡದು ಬಂದ ಪಾದ ಇವೂ ಅವನವೇ."

ಕಲ್ಲು ತಂಪಾಗಿತ್ತು. ಮಲ್ಲಣ್ಣ ಹೇಳಿದ್ದು ಸುಳ್ಳಾಗಿರಲಿಲ್ಲ. ನಾನು ನಿಮ್ಮ ಕಾಲು ಮುಟ್ಟಬೇಕಿತ್ತು — ಅದು ಪದ್ಧತಿ. ಬಗ್ಗಲು ಆಗಲಿಲ್ಲ. ಕಾಲು ನೋವೆಂದು ನೀವು ತಿಳಿದಿರಿ.

ಮಲ್ಲಣ್ಣ ಆ ಕಲ್ಲನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ದೀಪಾವಳಿಯ ಮುಂದೆ ತೀರಿಕೊಂಡ. ಯಾರ ಪಾದಕ್ಕೆ ತಾಗಿದ ಕಲ್ಲೆಂದು ನೀವು ಅವನಿಗೆ ಹೇಳಿದಿರೋ, ನಾನು ಕೇಳಿಲ್ಲ. ಕೇಳುವ ಬಾಯಿ ನನಗಿಲ್ಲ. ಈಗ ಅದು ನಿಮ್ಮ ದೇವರ ಗೂಡಿನಲ್ಲಿದೆ. ನಿಮ್ಮ ಮೊಣಕಾಲು ನಡಿಗೆಗೆ ಬಾರವು. ಆದರೂ ಪ್ರತಿ ವರ್ಷ ದಿಂಡಿ ಚಿತ್ತಾಪುರ ದಾಟುವಾಗ ಬಾಗಿಲಲ್ಲಿ ಕೂತು, ಹೊಸಬರಿಗೆಲ್ಲ ಹೇಳುತ್ತೀರಿ: "ಮಾಸ್ತರ್ ಹೇಳಿದ ಗಾಡಿಗೇ ಬರ್ರಿ. ಆ ವರ್ಷ ಅವ್ರಿದ್ದುದಕ್ಕ ನಾ ಹೇಳಿದ ಹೊತ್ತಿಗೆ ಮನಿ ಮುಟ್ಟೀನಿ." ನಾನು ತಲೆತಗ್ಗಿಸಿ ಮುಂದೆ ಹೋಗುತ್ತೇನೆ. ವಿನಯ ಎಂದು ಜನ ಅಂದುಕೊಳ್ಳುತ್ತಾರೆ.

ನಾಗಮ್ಮಕ್ಕ, ನಿಮಗೆ ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ಇಷ್ಟು ಧೈರ್ಯವಾಗಿ ಬರೆದೆ ಎಂಬುದೂ ಗೊತ್ತು. ಆದ್ದರಿಂದ ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಗಾಡಿಗೆ ಚಿತ್ತಾಪುರಕ್ಕೆ ಬರುತ್ತೇನೆ. ನಿಮ್ಮ ಎದುರು ಕೂತು, ಒಂದು ಸಾಲೂ ಬಿಡದೆ ನಾನೇ ಓದಿ ಹೇಳುತ್ತೇನೆ. ಅಂದು ಬಗ್ಗದ ಬೆನ್ನು ನಾಳೆ ಬಗ್ಗಬೇಕು; ನೀವು ಕಾಲು ಮುಟ್ಟಗೊಡುವಿರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು.

ಹೊರಡುವ ಹೊತ್ತಿಗೆ ಕಾಲು ಹಿಂಜರಿದೀತು, ನನಗೆ ನನ್ನ ಪರಿಚಯವಿದೆ. ಬೆಳಗಿನ ಗಾಡಿ ತಪ್ಪಿಸಿಕೊಂಡರೆ ನೆವ ಹೇಳುವಂತಿಲ್ಲ. ಹಿಂದೆ ಇನ್ನೊಂದು ಇದೆ. ಅಂದೂ ಇತ್ತು.