ಹೊಗೆ ಅಟ್ಟದ ಪುಸ್ತಕಗಳು

ನಮ್ಮವರು ತೀರ್ಥಪ್ರಸಾದ್ ಇಪ್ಪತ್ತಾರು ವರ್ಷ ಪಂಚಾಯಿತಿ ಲೈಬ್ರರಿ ನೋಡಿಕೊಂಡರು. ಮೂರ್ನಾಡಿನಿಂದ ಆಚೆ ನಾಲ್ಕು ಮೈಲಿ, ಬಸ್ಸು ತಿರುಗುವ ಜಾಗದಲ್ಲಿ ಒಂದು ಕೋಣೆ. ಅದೇ ಲೈಬ್ರರಿ. ಹೋದ ವರ್ಷ ಜುಲೈ ಕೊನೆಗೆ, ಕಕ್ಕಡ ತಿಂಗಳ ಮಳೆಯಲ್ಲಿ ಅವರು ತೀರಿಕೊಂಡರು. ಎದೆನೋವು. ಮಡಿಕೇರಿ ಆಸ್ಪತ್ರೆ ಮುಟ್ಟಲಿಲ್ಲ. ಎರಡು ತಿಂಗಳು ಕಳೆಯುವುದರೊಳಗೆ ಊರಲ್ಲಿ ಅವರಿಗೆ ಕಳ್ಳ ಅನ್ನುವ ಹೆಸರು ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಕಳ್ಳರಲ್ಲ. ಹಠದವರು. ಮೇಲಿನವರಿಗೆ ಏನೂ ಹೇಳುವವರಲ್ಲ. ಅದೇ ತಪ್ಪು.

ನಮ್ಮ ಕಡೆ ಮಳೆ ಹಿಡಿದರೆ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಪುಸ್ತಕ ಎಲ್ಲಿ ಒಣಗುತ್ತದೆ. ಲೈಬ್ರರಿಯ ಹೆಂಚು ಸೋರುತ್ತಿತ್ತು, ಗೋಡೆ ಬೆವರುತ್ತಿತ್ತು. ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಮುನ್ನೂರು ಪುಸ್ತಕಕ್ಕೆ ಬೂಷ್ಟು ಹಿಡಿದು ಹಾಳೆ ಹಾಳೆ ಅಂಟಿಕೊಂಡವು. ಅರ್ಜಿ ಬರೆದರು. ಉತ್ತರ ಬರಲಿಲ್ಲ. ಮರುವರ್ಷ ಮೇ ತಿಂಗಳ ಕೊನೆಗೆ ಎಸ್ಟೇಟಿನಿಂದ ಕಾಫಿ ಚೀಲ ತಂದರು. ಹುಳ ಹಿಡಿಯದಂತೆ ಪುಸ್ತಕದ ಮಧ್ಯೆ ಲಕ್ಕಿ ಸೊಪ್ಪು ಇಟ್ಟು ಮೂಟೆ ಕಟ್ಟಿಸಿದರು. ಸೌದೆ ಒಲೆ ಇರುವ ಮನೆಗೆ ಒಂದೊಂದು ಮೂಟೆ. ಒಲೆ ಮೇಲಿನ ಅಟ್ಟದಲ್ಲಿ ಹಾಕಿ, ಮಳೆ ಮುಗಿಯುವವರೆಗೆ ಹೊಗೆ ಹತ್ತಲಿ ಅಂತ. ಒಣಮೀನು, ಮೆಣಸು ಇಡುವ ಜಾಗದಲ್ಲಿ ಪುಸ್ತಕ. ಪ್ರತಿ ವರ್ಷ ಅಕ್ಟೋಬರಿನಲ್ಲಿ, ತುಲಾ ಸಂಕ್ರಮಣ ಕಳೆದ ಮೇಲೆ ಅವರೇ ಹೋಗಿ ತರುತ್ತಿದ್ದರು. ಒಂದಕ್ಕೂ ಬೂಷ್ಟು ಇರಲಿಲ್ಲ.

ಮೂಟೆ ಕಟ್ಟುವವಳು ನಾನು. ಅವರು ಪುಸ್ತಕ ಆರಿಸಿ ಕೊಡುತ್ತಿದ್ದರು. ವಿಮಲಮ್ಮನ ಮನೆಗೆ ಕಾದಂಬರಿ. ಅಪ್ಪಯ್ಯಣ್ಣನ ಮನೆಗೆ ತೋಟದ ಪುಸ್ತಕ, ಕಾನೂನು ಪುಸ್ತಕ. ಎಸ್ಟೇಟಿನ ಕೂಲಿ ಲೈನಿನ ಸಣ್ಣಿಗೆ ದೊಡ್ಡ ಅಕ್ಷರದ ಮಕ್ಕಳ ಪುಸ್ತಕ, ಅವಳ ಮೊಮ್ಮಗಳು ಓದುತ್ತಾಳೆ. ಮಳೆಯಲ್ಲಿ ಲೈಬ್ರರಿಗೆ ಯಾರೂ ಬರುವುದಿಲ್ಲ, ಲೈಬ್ರರಿಯೇ ಮನೆಗೆ ಹೋಗಲಿ ಅನ್ನುತ್ತಿದ್ದರು.

ಒಬ್ಬರಿಗೆ ಎರಡೇ ಪುಸ್ತಕ ಕೊಡಬೇಕು ಅಂತ ರೂಲ್ಸು. ಇವರು ಎಂಬತ್ತು ಕೊಡುತ್ತಿದ್ದರು. ಬರೆದಿಟ್ಟರೆ ಯಾರಾದರೂ ಕೇಳುತ್ತಾರೆ ಅಂತ ಬರೆಯಲೇ ಇಲ್ಲ. ಎಲ್ಲ ಮನೆಯವರಿಗೂ ಒಂದೇ ಮಾತು ಹೇಳಿದ್ದರು. ನಾನೇ ಬರುವವರೆಗೆ ಯಾರಿಗೂ ಕೊಡಬೇಡಿ, ಯಾರು ಕೇಳಿದರೂ ಹೇಳಬೇಡಿ.

ಕಂಪ್ಯೂಟರ್ ಬರುತ್ತದೆ ಅಂದಾಗ ಮಡಿಕೇರಿಗೆ ಎರಡು ದಿನ ತರಬೇತಿಗೆ ಹೋಗಿ ಬಂದರು. ಬಂದು ಒಂದು ರಟ್ಟಿನ ಮೇಲೆ ಅಕ್ಷರದ ಚೌಕ ಬರೆದುಕೊಂಡು, ಒಂದೇ ಬೆರಳಲ್ಲಿ ಕುಟ್ಟಿ ಕಲಿತರು. ನಾನು ನಕ್ಕೆ. "ನಗು, ನಗು. ಮೊಬೈಲ್ ನೋಡುವ ಹುಡುಗರು ಬರಬೇಕಾದರೆ ನಾವೂ ಸ್ವಲ್ಪ ಕುಟ್ಟಬೇಕು" ಅಂದರು. ಕಂಪ್ಯೂಟರ್ ಬರುವ ಮೊದಲೇ ಹೋದರು.

ಸೆಪ್ಟೆಂಬರಿನಲ್ಲಿ ದಿವ್ಯ ಬಂದಳು. ಹಾರಂಗಿ ಕಡೆಯ ಹುಡುಗಿ, ಲೈಬ್ರರಿ ಕೋರ್ಸು ಮಾಡಿದವಳು. ಪುಸ್ತಕ ಎಲ್ಲ ಕಂಪ್ಯೂಟರಿಗೆ ಹತ್ತಿಸಬೇಕು ಅಂತ ಅವಳಿಗೆ ಆದೇಶ. ರಿಜಿಸ್ಟರಲ್ಲಿ ಎರಡು ಸಾವಿರದ ಆರುನೂರು. ಬೀರುವಿನಲ್ಲಿ ಸಾವಿರದ ಚಿಲ್ಲರೆ. ಪಂಚಾಯಿತಿಯ ಲೋಕೇಶ್ ಮನೆ ಮನೆಗೆ ಫೋನ್ ಮಾಡಿ ಕೇಳಿದ. ನಮಗೆ ಗೊತ್ತಿಲ್ಲ ಅಂದರು ಎಲ್ಲರೂ. ನಮ್ಮವರಿಗೆ ಮಾತು ಕೊಟ್ಟಿದ್ದರು, ಉಳಿಸಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ.

ರೇಷನ್ ಅಂಗಡಿಯಲ್ಲಿ ಲೋಕೇಶ್ ಹೇಳುತ್ತಿದ್ದ. "ಗುಜರಿಗೆ ಹಾಕಿದ್ದಾರೆ ಮಾರಾಯ್ರೆ. ಈಗ ಯಾರು ಓದ್ತಾರೆ ಅಂತ ಹಾಕಿರ್ಬೇಕು." ನಾನು ಹಿಂದೆ ನಿಂತಿದ್ದೆ. ಅವನು ನೋಡಲಿಲ್ಲ. ಅಕ್ಕಿ ತೆಗೆದುಕೊಳ್ಳದೆ ಅಲ್ಲಿಂದಲೇ ಲೈಬ್ರರಿಗೆ ಹೋದೆ.

ದಿವ್ಯ ಎದ್ದು ನಿಂತಳು. "ಆಂಟಿ, ಸೋಮವಾರ ಮಡಿಕೇರಿಯಿಂದ ಲೈಬ್ರರಿ ಸಾಹೇಬ್ರು ಲೆಕ್ಕ ನೋಡೋಕೆ ಬರ್ತಾರೆ. ಅಷ್ಟರಲ್ಲಿ ಹತ್ತಿಸ್ದೆ ಇದ್ದಿದ್ದನ್ನ ಕಳೆದಿದೆ ಅಂತ ಬರೀಬೇಕು. ಸರ್ ಹೆಸರಲ್ಲೇ ಬರೀಬೇಕಾಗುತ್ತೆ. ನಂಗೂ ಬೇಜಾರೇ."

"ಕಳೆದಿಲ್ಲ. ಹೊಗೆ ಮೇಲೆ ಉಂಟು."

"ಎಲ್ಲಿ?"

"ಹತ್ತೊಂಬತ್ತು ಮನೆ ಅಡುಗೆಕೋಣೆಲಿ."

ಅವಳು ನನ್ನ ಮುಖ ನೋಡಿದಳು. ಗಂಡ ಹೋದ ದುಃಖಕ್ಕೆ ಏನೋ ಹೇಳುತ್ತಿದ್ದಾಳೆ ಅಂದುಕೊಂಡಿರಬೇಕು. ನಾನು ಮೂರನೇ ಕ್ಲಾಸಿಗೆ ಬಿಟ್ಟವಳು, ಪುಸ್ತಕದ ಹೆಸರು ಹೇಳಲಿಕ್ಕೆ ನನಗೆ ಬರುವುದಿಲ್ಲ. ಮನೆಯ ಹೆಸರು ಹೇಳಿದೆ. ಒಂದೊಂದಾಗಿ. ಅವಳು ಬರೆದುಕೊಂಡಳು. ಹದಿನೆಂಟು ಹೇಳಿದೆ.

ಹತ್ತೊಂಬತ್ತನೆಯದು ನಮ್ಮದು. ಆ ಮೂಟೆಯನ್ನು ಅವರೇ ಅಟ್ಟಕ್ಕೆ ಏರಿಸಿದ್ದು. ಗಂಟು ಅವರದು. ಅದನ್ನು ನಾನು ಹೇಳಲಿಲ್ಲ.

ಗುರುವಾರದಿಂದ ಶನಿವಾರದವರೆಗೆ ಅವಳ ಸ್ಕೂಟರಿನಲ್ಲಿ ತಿರುಗಿದೆವು. ಮೂಟೆ ತರಲಿಕ್ಕೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪಿಕಪ್ ಕೊಟ್ಟ. ಮೊದಲು ಸಣ್ಣಿಯ ಲೈನ್‌ಮನೆ.

"ಯಾವ ಪುಸ್ತಕ? ಇಲ್ಲಿ ಪುಸ್ತಕ ಇಲ್ಲ" ಅಂದಳು ಸಣ್ಣಿ, ದಿವ್ಯಳನ್ನು ನೋಡಿ. ಆಮೇಲೆ ನಾನು ಸ್ಕೂಟರಿನಿಂದ ಇಳಿದೆ. "ನೀವಾ ಅಕ್ಕ. ಮೊದ್ಲೇ ಹೇಳ್ಬಾರ್ದಾ."

"ಫೋನ್ ಮಾಡಿದಾಗ ಯಾಕೆ ಹೇಳಲಿಲ್ಲ?" ದಿವ್ಯ ಕೇಳಿದಳು.

"ಸಾರು ಹೇಳ್ಬೇಡ ಅಂದಿದ್ರು."

"ಸರ್ ತೀರಿಹೋದ್ರಲ್ಲ."

"ಗೊತ್ತು. ಮಣ್ಣಿಗೆ ನಾನೂ ಬಂದಿದ್ದೆ. ಹೋದೋರು ಹೇಳಿದ್ದು ಸುಳ್ಳಾಗ್ತದಾ?" ಅಂತ ಅಟ್ಟದಿಂದ ಮೂಟೆ ಇಳಿಸಿದಳು. ಎಂಬತ್ತೂ ಗರಿಗರಿ ಇತ್ತು. ಮೊಮ್ಮಗಳು ಒಂದನ್ನು ಹಿಂದೆ ಬಚ್ಚಿಟ್ಟಿದ್ದಳು. ದಿವ್ಯ ಕಂಪ್ಯೂಟರಿಗೆ ಹಾಕಲಿಕ್ಕೆ ಅದರ ನಂಬರು ಬರೆದುಕೊಂಡು ಪುಸ್ತಕ ಅವಳ ಕೈಯಲ್ಲೇ ಬಿಟ್ಟಳು.

ಅಪ್ಪಯ್ಯಣ್ಣನ ಮನೆಯಲ್ಲಿ ಎಡವಟ್ಟು. ಅಡುಗೆಕೋಣೆಗೆ ಹೊಸ ಟೈಲ್ಸು. ಗ್ಯಾಸು ಬಂದಿತ್ತು.

"ಒಲೆ ಎಲ್ಲಿ ಉಟ್ಟು ಅಪ್ಪಯ್ಯಣ್ಣ?" ನಮ್ಮ ಅರೆಭಾಷೆಯಲ್ಲೇ ಕೇಳಿದೆ.

"ತೆಗ್ದೆ. ಸೊಸೆಗೆ ಹೊಗೆ ಆಗ್ದಿಲ್ಲೆ." ತಲೆ ಬಗ್ಗಿಸಿದರು. "ಅವಂಗೆ ಹೇಳಿಕ್ಕೆ ನಾಚಿಕೆ ಆತ್. ಅವ ಹೋದ ಮೇಲೆ ಯಾರಿಗೆ ಹೇಳಲಿ."

ಮೂಟೆ ಮಂಚದ ಕೆಳಗಿತ್ತು. ಬಿಚ್ಚಿದೆವು. ಪೂರ್ತಿ ಹಸಿರು. ಕಾನೂನು ಪುಸ್ತಕ ಹಿಟ್ಟಿನ ಮುದ್ದೆ ಆಗಿತ್ತು. ದಿವ್ಯ ಮೂಗಿಗೆ ಕರ್ಚೀಫು ಹಿಡಿದು ಒಂದೊಂದೇ ತಿರುಗಿಸಿ, ಓದಬಹುದಾದ ಹದಿನಾರನ್ನು ಆರಿಸಿದಳು. ಉಳಿದದ್ದಕ್ಕೆ ಕೆಟ್ಟಿದೆ ಅಂತ ಬರೆದಳು. "ಕಳೆದಿದೆ ಅಲ್ಲ ಆಂಟಿ. ಕೆಟ್ಟಿದೆ. ಎರಡೂ ಬೇರೆ ಬೇರೆ ಕಾಲಮ್ಮು."

ಭಾನುವಾರ ಇಡೀ ದಿನ ಹತ್ತಿಸಿದಳು. ನಾನು ಲಕ್ಕಿ ಸೊಪ್ಪು ಉದುರಿಸಿ, ಮಸಿ ಒರೆಸಿ ಕೊಟ್ಟೆ. ಸಂಜೆ ಅವಳು ಲೆಕ್ಕ ನೋಡಿದಳು.

"ಎಂಬತ್ತೆರಡು ಕಮ್ಮಿ ಇದೆ ಆಂಟಿ. ಪರವಾಗಿಲ್ಲ. ಇಷ್ಟು ಸಿಕ್ಕಿದ್ದೇ ಹೆಚ್ಚು. ಇಷ್ಟನ್ನು ಕಳೆದಿದೆ ಅಂತ ಬರೀತೀನಿ."

ನಾನು ಮನೆಗೆ ಬಂದೆ. ಒಲೆ ಹೊತ್ತಿಸಿದೆ. ಮೂಟೆ ಮೇಲೆ ಇತ್ತು. ಅವರು ಕಟ್ಟಿದ ಗಂಟು ನನಗಿಂತ ಒರಟು, ಎರಡು ಸುತ್ತು ಜಾಸ್ತಿ. ಅದು ಇಳಿದರೆ ಮನೆಯಲ್ಲಿ ಅವರು ಮಾಡಿಟ್ಟ ಕೆಲಸ ಇನ್ನೊಂದು ಉಳಿಯುವುದಿಲ್ಲ. ಇಳಿಯದಿದ್ದರೆ ಅವರ ಹೆಸರಿನ ಮುಂದೆ ಎಂಬತ್ತೆರಡು ಕಳೆದಿದೆ ಅಂತ ಇರುತ್ತದೆ. ಕಂಪ್ಯೂಟರಿನಲ್ಲಿ ಬರೆದದ್ದು ಅಳಿಸುವುದಿಲ್ಲ ಅಂತ ದಿವ್ಯ ಹೇಳಿದ್ದಳು. ಬೆಳಿಗ್ಗೆ ಏಣಿ ಹಾಕಿದೆ. ಮೂಟೆ ತಲೆ ಮೇಲೆ ಹೊತ್ತು ಲೈಬ್ರರಿಯವರೆಗೆ ನಡೆದೆ.

ದಿವ್ಯ ಮೂಟೆ ನೋಡಿದಳು, ನನ್ನನ್ನು ನೋಡಿದಳು. ಯಾವ ಮನೆಯದು ಅಂತ ಕೇಳಲಿಲ್ಲ. ಗಂಟು ನಾನೇ ಬಿಚ್ಚಿದೆ.

ಸಾಹೇಬರು ಹನ್ನೊಂದಕ್ಕೆ ಬಂದರು. ಒಳಗೆ ಬಂದವರೇ ಮೂಗು ಎಳೆದರು. "ಏನ್ರಿ ಇದು, ಒಣಮೀನಿನ ಅಂಗಡಿ ಥರ?"

ದಿವ್ಯ ಇದ್ದದ್ದು ಇದ್ದ ಹಾಗೆ ಹೇಳಿದಳು. ಸಾಹೇಬರು ಇದು ರೂಲ್ಸಲ್ಲಿ ಇಲ್ಲ ಅಂದರು. "ಮೂಟೆ ಕಟ್ಟಿದ್ದು ನಾನು" ಅಂದೆ. ಅವರು ನಲವತ್ತು ವರ್ಷ ಹಿಂದಿನ ಒಂದು ಪುಸ್ತಕ ತೆಗೆದು ಹಾಳೆ ತಿರುಗಿಸಿದರು. ಬಿಳಿ ಹೋಗಿ ಕಂದು ಆಗಿತ್ತು, ಒಂದು ಚುಕ್ಕಿ ಬೂಷ್ಟಿಲ್ಲ. ಬೇರೆ ಕಡೆ ಈ ವರ್ಷ ಗಾಡಿ ಗಾಡಿ ಎಸೆದಿದ್ದೇವೆ ಅಂದರು. ಆಮೇಲೆ ದಿವ್ಯಳಿಗೆ, "ಯಾರ ಮನೇಲಿ ಯಾವುದಿದೆ ಅಂತ ಬರೆದಿಟ್ಟು ಮಾಡಿ. ಬರೆದಿಡದೆ ಮಾಡಬೇಡಿ" ಅಂದರು. ಕಳೆದಿದೆ ಅನ್ನುವ ಕಾಲಮ್ಮಿನಲ್ಲಿ ಸೊನ್ನೆ ಇತ್ತು. ಅದಕ್ಕೆ ಸಹಿ ಹಾಕಿದರು. ಲೋಕೇಶ್ ಅಲ್ಲೇ ಇದ್ದ. ಸಾಹೇಬರಿಗೆ ಟೀ ತರುತ್ತೇನೆ ಅಂತ ಹೋದವನು ಸುಮಾರು ಹೊತ್ತು ಬರಲಿಲ್ಲ.

ಈಗ ಮೇ ತಿಂಗಳು. ಲೈಬ್ರರಿಗೆ ಸಂಜೆ ಹುಡುಗರು ಬರುತ್ತಾರೆ, ಕಂಪ್ಯೂಟರಿಗೆ. ಎರಡು ದಿನ ಕರೆಂಟು ಇಲ್ಲದಿದ್ದಾಗ ಪುಸ್ತಕವನ್ನೂ ಮುಟ್ಟಿದರು. ದಿವ್ಯ ಕಂಪ್ಯೂಟರಿನಲ್ಲಿ ಪುಸ್ತಕದ ಮುಂದೆ ಮನೆಯ ಹೆಸರು ಹಾಕುತ್ತಿದ್ದಾಳೆ. ನಾನು ಹೇಳುತ್ತೇನೆ, ಅವಳು ಹತ್ತು ಬೆರಳಲ್ಲಿ ಕುಟ್ಟುತ್ತಾಳೆ. ಸೌದೆ ಒಲೆ ಇರುವ ಮನೆ ಹನ್ನೊಂದೇ ಉಳಿದಿವೆ.

"ಎಂಟು ಮನೆ ಕಮ್ಮಿ ಆಂಟಿ. ಏನ್ ಮಾಡೋದು?"

"ಸ್ನಾನದ ಹಂಡೆಗೆ ಬೆಂಕಿ ಹಾಕುವ ಮನೆ ಸುಮಾರು ಉಂಟು" ಅಂದೆ. "ಬಚ್ಚಲ ಅಟ್ಟ ನೋಡಿ ಬರುವ. ಸ್ಕೂಟರ್ ತೆಗಿ."